ನಕಲಿ ಬಹಮನಿ ನಾಣ್ಯ ಮಾರಿದವರ ಮೇಲೆ ಯಾವ ಕೇಸು?

ಬೀದರ ಜಿಲ್ಲೆಯ ಹಳೆಯ ಮನೆತನಗಳಲ್ಲಿ ದೇವರ ಜಗಲಿಯ ಮೇಲೊಂದು ಡಬ್ಬಿ, ಅದರೊಳಗೆ ನಾಲ್ಕಾರು ಬೆಳ್ಳಿ ರೂಪಾಯಿ ಇದ್ದೇ ಇರುತ್ತವೆ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಹೊರಗೆ ಬಂದು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಸೇರುತ್ತವೆ. ರಾಣಿಯ ಅಥವಾ ರಾಜನ ಮುಖವಿದ್ದರೆ ಅದು ಕಲ್ದಾರ ರೂಪಾಯಿ, ಬ್ರಿಟಿಷರದು. ಚಾರ್‌ಮಿನಾರ್ ಇದ್ದರೆ ಹಾಲಿ ಸಿಕ್ಕಾ, ನಿಜಾಮರದು. ಬೀದರ, ಭಾಲ್ಕಿ, ಔರಾದ ಮೂರೂ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ನಮ್ಮ ಅಜ್ಜ ಅಜ್ಜಿಯರ ಕೈಯಲ್ಲಿ ಎರಡೂ ಓಡಾಡಿದವು. ಇವಕ್ಕಿಂತ ಹಿಂದಿನದು ಬಹಮನಿ ಸುಲ್ತಾನರ ಕಾಲ. ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಬೀದರಿನ ಟಂಕಸಾಲೆಯ ನಾಣ್ಯಗಳ ಮೇಲೆ ಊರಿನ ಹೆಸರು ಮುಹಮ್ಮದಾಬಾದ್ ಎಂದು ಮೂಡಿತು.

ಇಂಥ ನೆಲದಲ್ಲಿ ‘ಪಾಯ ತೋಡುವಾಗ ನಾಣ್ಯ ಸಿಕ್ಕವು’ ಎಂದು ಯಾರಾದರೂ ಪಿಸುಗುಟ್ಟಿದರೆ ಜನ ನಂಬುತ್ತಾರೆ. ನಂಬುವುದಕ್ಕೆ ಕಾರಣವೂ ಇದೆ. ನಕಲಿ ನಾಣ್ಯ ಮಾರುವವರಿಗೆ ಬೇಕಾದದ್ದೂ ಈ ಕಾರಣವೇ.

ನಾನು ಭಾಲ್ಕಿಯವಳು, ಬೀದರ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಔರಾದ ತಾಲ್ಲೂಕಿನ ಒಬ್ಬ ರೈತರು ಸೋಯಾ ಮಾರಿದ ದುಡ್ಡನ್ನೆಲ್ಲ ಹಿತ್ತಾಳೆಗೆ ಸುರಿದು ನನ್ನ ಬಳಿ ಬಂದರು. ಬಂದದ್ದು ಜಮೀನಿನ ಹದ್ದಿನ ತಕರಾರಿಗೆ. ಎದ್ದು ಹೋಗುವ ಹೊತ್ತಿಗೆ ಧೋತರದ ಗಂಟಿನಿಂದ ಒಂದು ಹಳದಿ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟರು. ಮಾರಿದವರು ಮೊದಲು ಸಣ್ಣದೊಂದು ನಾಣ್ಯ ಪುಕ್ಕಟೆ ಕೊಟ್ಟು, ‘ಯಾವ ಸರಾಫನ ಬಳಿಯಾದರೂ ಒರೆ ಹಚ್ಚಿಸಿ ನೋಡ್ರಿ’ ಎಂದರಂತೆ. ಸರಾಫ ಒರೆ ಹಚ್ಚಿ ಅಸಲಿ ಬಂಗಾರ ಎಂದ. ಅದು ನಿಜಕ್ಕೂ ಬಂಗಾರವೇ ಆಗಿತ್ತು. ಆಮೇಲೆ ಕತ್ತಲಲ್ಲಿ ಕೈ ಬದಲಾದ ಚೀಲದಲ್ಲಿ ಮಾತ್ರ ಒಂದು ಗುಂಜಿ ಬಂಗಾರವೂ ಇರಲಿಲ್ಲ.

‘ದೂರು ಯಾಕ ಕೊಡಲಿಲ್ರಿ?’ ಎಂದೆ.

‘ಭೂಮ್ಯಾಗ ಸಿಕ್ಕ ಮಾಲು ಅಂತ ಹೇಳಿ ಕೊಟ್ಟಾರ್ರಿ ಮೇಡಂ. ಠಾಣೆಗೆ ಹೋದರ ಮೊದಲ ನನ್ನನ್ನೇ ಒಳಗ ಹಾಕ್ತಾರ.’

ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿಗೆ ಉತ್ತರ ಕೊಡಲೆಂದು. ಬಳ್ಳಾರಿ, ವಿಜಯನಗರ, ದಾವಣಗೆರೆ ಕಡೆ ಇದೇ ವರಸೆಯ ಪ್ರಕರಣಗಳು ಎಷ್ಟೋ ದಾಖಲಾಗಿವೆ. ಮೊದಲು ಒಂದು ಅಸಲಿ, ನಂತರ ಚೀಲ ತುಂಬ ನಕಲಿ. ಈ ದಂಧೆಗೆ ಹಿತ್ತಾಳೆಗಿಂತ ಹೆಚ್ಚು ಬೇಕಾದದ್ದು ಕೊಂಡವರ ಹೆದರಿಕೆ.

ಹೆದರಿಕೆಯ ಮೂಲ ನಿಧಿ ಕಾಯ್ದೆ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಕರ್ನಾಟಕದ್ದೇ ಆದ 1962ರ ಕಾಯ್ದೆಯೂ ಇದೆ. ಬಚ್ಚಿಟ್ಟರೆ ಶಿಕ್ಷೆಯುಂಟು, ಸರಿ. ಆದರೆ ಹಿತ್ತಾಳೆಯ ಬಿಲ್ಲೆ ನಿಧಿ ಹೇಗಾದೀತು? ನೆಲದಲ್ಲಿ ಏನೂ ಸಿಕ್ಕೇ ಇಲ್ಲ, ಸಿಕ್ಕಿತೆಂಬ ಕಥೆ ಮಾತ್ರ ಇದೆ. ಕಥೆ ಕಟ್ಟಿ ದುಡ್ಡು ಕಿತ್ತದ್ದು ಮೋಸ, ಮೋಸ ಹೋದವರು ಫಿರ್ಯಾದಿ. ವಿಚಾರಣೆಯಲ್ಲಿ ಒಂದೆರಡು ಮುಜುಗರದ ಪ್ರಶ್ನೆ ಕೇಳುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಕೊಂಡವರ ಆಸೆಯಿಂದ ಮಾರಿದವರ ಅಪರಾಧ ಅಳಿಯುವುದಿಲ್ಲ.

ಹಾಗಾದರೆ ಕೇಸು ಯಾವ ಕಲಮಿನಡಿ? ಖೋಟಾ ನಾಣ್ಯಕ್ಕೆ ಜೀವಾವಧಿ ಶಿಕ್ಷೆ ಎಂದು ಕೇಳಿದವರು ಇದಕ್ಕೂ ಅದೇ ಕಲಂ ಹಚ್ಚಬಹುದೆಂದುಕೊಳ್ಳುತ್ತಾರೆ. ವಿಷಯ ಅಷ್ಟು ಸಲೀಸಲ್ಲ. 1860ರ ದಂಡಸಂಹಿತೆಯ 230ನೇ ಕಲಂ ನಾಣ್ಯವೆಂದರೆ ಸದ್ಯ ಹಣವಾಗಿ ಬಳಕೆಯಲ್ಲಿರುವ, ಸರಕಾರ ಮುದ್ರೆಯೊತ್ತಿ ಹೊರಡಿಸಿದ ಲೋಹ ಎಂದಿತು. ಕವಡೆ ನಾಣ್ಯವಲ್ಲ, ಪದಕ ನಾಣ್ಯವಲ್ಲ ಎಂದು ಉದಾಹರಣೆಯನ್ನೂ ಕೊಟ್ಟಿತು. ಭಾರತ ಸರಕಾರದ ನಾಣ್ಯಕ್ಕೆ ಮಾತ್ರ ಒಂದು ರಿಯಾಯಿತಿ ಇತ್ತು. ಚಲಾವಣೆ ನಿಂತ ಮೇಲೂ ಅದು ಭಾರತೀಯ ನಾಣ್ಯವೇ. ಇದಕ್ಕೆ ಆ ಕಲಮಿನಲ್ಲೇ ಕೊಟ್ಟ ನಿದರ್ಶನ ಫರೂಕಾಬಾದ್ ರೂಪಾಯಿ. ಹಾಗಾಗಿ ನಕಲಿ ಕಲ್ದಾರ ಮಾಡಿದವರ ಮೇಲೆ ಆ ಕಠಿಣ ಕಲಂ ಹಚ್ಚಲು ದಾರಿಯಿತ್ತು. ಬಹಮನಿ ಟಂಕಕ್ಕೆ ಆಗಲೂ ಇರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧಗಳು 178ರಿಂದ 181ನೇ ಕಲಮುಗಳಲ್ಲಿವೆ. ಅಲ್ಲಿ ನಾಣ್ಯದ ಅರ್ಥವನ್ನು 2011ರ ನಾಣ್ಯ ಕಾಯ್ದೆಯಿಂದ ತಂದಿದ್ದಾರೆ. ಆ ಕಾಯ್ದೆ ಕಾನೂನುಬದ್ಧ ಚಲಾವಣೆಯ ಮಾತಾಡುತ್ತದೆ, ಸ್ಮರಣಾರ್ಥ ನಾಣ್ಯಗಳನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಟಂಕಸಾಲೆ ಹೊರಡಿಸಿದ ಸ್ಮರಣಾರ್ಥ ನಾಣ್ಯದ ನಕಲು ಮಾಡಿದವರಿಗೆ 178, ಅದನ್ನು ಗೊತ್ತಿದ್ದೂ ಮಾರಿದವರಿಗೆ 179, ಎರಡಕ್ಕೂ ಜೀವಾವಧಿಯವರೆಗೆ ಶಿಕ್ಷೆ. ಹಳೆಯ ಫರೂಕಾಬಾದ್ ರಿಯಾಯಿತಿ ಮಾತ್ರ ಹೊಸ ಸಂಹಿತೆಯಲ್ಲಿ ನನಗೆ ಕಾಣುವುದಿಲ್ಲ. ನನ್ನ ಓದಿನ ಪ್ರಕಾರ ವಿಕ್ಟೋರಿಯಾ ರೂಪಾಯಿಯ ನಕಲಿಗೂ ಈಗ ಈ ಕಲಮುಗಳು ನೇರವಾಗಿ ಹೊಂದುವುದು ಕಷ್ಟ. ಸಂಗ್ರಹಕಾರರ ಮಟ್ಟಿಗೆ ಇದು ಹಿಂದೆ ಸರಿದ ಹೆಜ್ಜೆ ಎಂದು ನನಗೆ ಬೇಸರವಿದೆ.

ಉಳಿಯುವುದು ವಂಚನೆಯ ಕಲಂ. ಊರೆಲ್ಲ ಬಲ್ಲ ಹಳೆಯ 420 ಈಗ 318ರ 4ನೇ ಉಪಕಲಂ ಆಗಿದೆ. ಮೋಸದಿಂದ ಸ್ವತ್ತು ಪಡೆದರೆ ಏಳು ವರ್ಷಗಳವರೆಗೆ ಸಜೆ ಮತ್ತು ದಂಡ. ಇದನ್ನು ಸಣ್ಣ ಕಲಂ ಎಂದು ತಾತ್ಸಾರ ಮಾಡಬೇಡಿ. ಇದಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಪೊಲೀಸರು ಎಫ್‌ಐಆರ್ ಹಾಕಬಹುದು. ನಾಣ್ಯ ಯಾವ ಅರಸನದು ಎಂಬ ಚರ್ಚೆಯೂ ಬೇಕಿಲ್ಲ. ‘ಬಂಗಾರ’ ಎಂದು ಹೇಳಿ ಹಿತ್ತಾಳೆ ಕೊಟ್ಟರು, ಹೇಳುವಾಗಲೇ ಅವರಿಗದು ಗೊತ್ತಿತ್ತು, ಆ ಮಾತು ನಂಬಿ ನಾನು ದುಡ್ಡು ಕೊಟ್ಟೆ ಎಂಬ ಮೂರು ಸಂಗತಿ ರುಜುವಾತಾದರೆ ಸಾಕು.

ಅಂಗಡಿ ಇಟ್ಟು ಅಥವಾ ಪ್ರದರ್ಶನಗಳಲ್ಲಿ ಮೇಜು ಹಾಕಿ ಮಾರುವವರಿಗೆ ಇನ್ನೊಂದು ಕಾನೂನಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಕಡ್ಡಾಯ, ಇಲ್ಲದಿದ್ದರೆ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಲೈಸೆನ್ಸ್ ತೋರಿಸಿ, ರಸೀದಿ ಕೊಡಿ ಎಂದು ಕೇಳಿದಾಗ ಮೋಸಗಾರರು ಮಾತು ಬದಲಿಸುತ್ತಾರೆ. ಪ್ರಾಮಾಣಿಕ ವ್ಯಾಪಾರಿಗಳು ಬೇಸರಪಟ್ಟುಕೊಳ್ಳುವುದಿಲ್ಲ. ರಸೀದಿ ಇದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅಂದಹಾಗೆ, ಅಜ್ಜನ ಡಬ್ಬಿಯ ರೂಪಾಯಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಯಾರ ಲೈಸೆನ್ಸೂ ಬೇಡ.

ಕೊಳ್ಳುವ ಮುಂಚೆ ನೋಡಿಕೊಳ್ಳಬೇಕಾದ್ದನ್ನೂ ಹೇಳುತ್ತೇನೆ. ಬಹಮನಿ ನಾಣ್ಯಗಳ ಮೇಲೆ ಇರುವುದು ಬರಹ ಮಾತ್ರ, ಸುಲ್ತಾನನ ಮುಖ ಇರುವುದಿಲ್ಲ. ಮುಖವಿರುವ ‘ಬಹಮನಿ ಮೊಹರು’ ಕಂಡರೆ ಮಾತು ಬೆಳೆಸದೆ ಎದ್ದು ಬನ್ನಿ. ರಾಮ, ಸೀತೆ, ಹನುಮಂತರ ಚಿತ್ರದೊಂದಿಗೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದ ಬಿಲ್ಲೆಗಳು ಜಾತ್ರೆಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಇವನ್ನೇ ಅಕ್ಕಿಕಾಳು ಸೆಳೆಯುವ ‘ರೈಸ್ ಪುಲ್ಲರ್’ ಎಂದು ಲಕ್ಷಗಟ್ಟಲೆಗೆ ಮಾರುವ ಜಾಲಗಳಿವೆ. 2018ರಲ್ಲಿ ದೆಹಲಿ ಪೊಲೀಸರು ಹಿಡಿದ ತಂದೆ ಮತ್ತು ಮಗ, ರೈಸ್ ಪುಲ್ಲರನ್ನು ನಾಸಾ ಕೊಳ್ಳುತ್ತದೆಂದು ನಂಬಿಸಿ ಒಬ್ಬ ಉದ್ಯಮಿಯಿಂದ ಒಂದು ಕೋಟಿಗೂ ಮಿಕ್ಕಿ ಹಣ ಪಡೆದಿದ್ದರು.

ಬ್ರಿಟಿಷ್ ರೂಪಾಯಿಗೆ ತಕ್ಕಡಿಯೇ ಒಳ್ಳೆಯ ಸಾಕ್ಷಿ. 1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 91.7. ಬಳಕೆಯಲ್ಲಿ ಸವೆದಿದ್ದರೆ ಸ್ವಲ್ಪ ಕಡಿಮೆ ತೂಗುತ್ತದೆ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಅಸಲಿ ನಾಣ್ಯ ಸುಮಾರು 1.13 ಗ್ರಾಂ ಹಗುರಾಗುತ್ತದೆ. ಅದೇ ತೂಕದ ಹಿತ್ತಾಳೆಯಾದರೆ 1.37 ಗ್ರಾಂ. ಸರಾಫರ ಎಲೆಕ್ಟ್ರಾನಿಕ್ ತಕ್ಕಡಿಗೆ ಈ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅಚ್ಚಿಗೆ ಲೋಹ ಸುರಿದು ಮಾಡಿದ್ದರೆ ಸುತ್ತಲೂ ಸಣ್ಣ ಏಣು, ಮೈಮೇಲೆ ಸೂಜಿಮೊನೆಯಂಥ ತೂತು ಕಾಣುತ್ತವೆ. ಆಯಸ್ಕಾಂತಕ್ಕೆ ಬೆಳ್ಳಿ ಅಂಟುವುದಿಲ್ಲ. 1947ರ ರೂಪಾಯಿ ಅಂಟುತ್ತದೆ, ಏಕೆಂದರೆ ಅದು ನಿಕಲ್. ಅದರಲ್ಲಿ ಪವಾಡವೂ ಇಲ್ಲ, ಮೋಸವೂ ಇಲ್ಲ.

ಬೀದರಿನ ಸಿದ್ದಿಕ್ ತಾಲೀಮಿನ ಬಳಿ ಒಬ್ಬ ಹಿರಿಯ ಬಿದ್ರಿ ಕಸಬುದಾರರಿಗೆ ಜಾತ್ರೆಯ ನಕಲಿ ಬಿಲ್ಲೆಯೊಂದನ್ನು ತೋರಿಸಿದ್ದೆ, ಯಾವ ಕೇಸಿಗೂ ಸೇರದ್ದು. ಕೋಟೆಯ ಮಣ್ಣಿಗೆ ನವಸಾಗರ ಕಲಸಿದ ಬಿಸಿ ರಾಡಿಯನ್ನು ಬೆರಳ ತುದಿಯಲ್ಲಿ ತೆಗೆದು ಅದರ ಸವೆದ ಅಂಚಿಗೆ ತಿಕ್ಕಿದರು. ಬಿದ್ರಿಯಲ್ಲಿ ಸತು ಮತ್ತು ತಾಮ್ರದ ಮೈಯನ್ನು ಕಪ್ಪಾಗಿಸಿ ಬೆಳ್ಳಿಯ ಎಳೆಯನ್ನು ಮಾತ್ರ ಬೆಳ್ಳಗೆ ಬಿಡುವ ರಾಡಿ ಅದು. ಬಟ್ಟೆಯಲ್ಲಿ ಒರೆಸಿದಾಗ ಮುಲಾಮು ಹಾರಿದ ಅಂಚಿನಲ್ಲಿ ಕಪ್ಪು ಗೆರೆ ಎದ್ದಿತ್ತು. ‘ಮೇಲಷ್ಟೇ ಚಾಂದಿ, ಒಳಗ ನಮ್ಮ ಸುರಾಯಿ ಮಾಲೇ ಅದ’ ಎಂದರು. ನೀವು ಮಾತ್ರ ಇದನ್ನು ಮಾಡಬೇಡಿ. ಅಸಲಿ ನಾಣ್ಯವನ್ನು ಉಜ್ಜಿದರೆ ಅದರ ಬೆಲೆ ಹೋಗುತ್ತದೆ, ನಕಲಿಯನ್ನು ಉಜ್ಜಿದರೆ ಸಾಕ್ಷ್ಯ ಹೋಗುತ್ತದೆ. ಲೋಹ ಯಾವುದೆಂದು ಹೇಳಬೇಕಾದವರು ವಿಧಿವಿಜ್ಞಾನ ಪ್ರಯೋಗಾಲಯದವರು. ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ವಸ್ತು ಪುರಾತನವೋ ಅಲ್ಲವೋ ಎಂಬ ತೀರ್ಮಾನ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು.

ಈಗ ದಂಧೆ ಫೋನಿಗೂ ಬಂದಿದೆ, ಅದೂ ತಿರುವುಮುರುವಾಗಿ. ನಕಲಿ ಮಾರುವ ಬದಲು ನಿಮ್ಮ ಅಸಲಿಗೆ ಲಕ್ಷಾಂತರ ಕೊಡುತ್ತೇವೆಂದು ನಂಬಿಸಿ ‘ತೆರಿಗೆ’, ‘ಕಮಿಷನ್’ ಮುಂಗಡ ಕೇಳುತ್ತಾರೆ. 2021ರಲ್ಲಿ ಬೆಂಗಳೂರಿನ ಒಬ್ಬ ಶಿಕ್ಷಕಿ 1947ರ ನಾಣ್ಯಕ್ಕೆ ಭಾರಿ ಬೆಲೆ ಬರುತ್ತದೆಂದು ನಂಬಿ ಒಂದು ಲಕ್ಷ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್, ತಾನು ಹಳೆಯ ನಾಣ್ಯ, ನೋಟುಗಳ ವ್ಯವಹಾರ ಮಾಡುವುದಿಲ್ಲ, ಅದಕ್ಕೆ ಶುಲ್ಕ ಕೇಳುವುದೂ ಇಲ್ಲ ಎಂದು ಎಚ್ಚರಿಕೆ ಹೊರಡಿಸಿತು. ಹೀಗೆ ದುಡ್ಡು ಹೋದರೆ ಮಾಡಬೇಕಾದ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಅಮೆರಿಕದಲ್ಲಿ 1973ರಿಂದ ಒಂದು ಕಾನೂನಿದೆ. ಸಂಗ್ರಹದ ನಾಣ್ಯದ ಪ್ರತಿಕೃತಿ ಮಾಡಬಹುದು, ಆದರೆ ಅದರ ಮೈಮೇಲೇ ‘ನಕಲು’ ಎಂಬರ್ಥದ ಪದ ಒತ್ತಿರಬೇಕು. ತಯಾರಿಸಿದವರಷ್ಟೇ ಸಿಕ್ಕಿಬೀಳುತ್ತಿದ್ದರು, ಮಾರುವವರು ನುಣುಚಿಕೊಳ್ಳುತ್ತಿದ್ದರು ಎಂದು 2014ರ ತಿದ್ದುಪಡಿಯಲ್ಲಿ ಮಾರುವವರನ್ನೂ ಅವರಿಗೆ ಗೊತ್ತಿದ್ದು ನೆರವಾಗುವವರನ್ನೂ ಹೊಣೆ ಮಾಡಿದರು. ನಮ್ಮಲ್ಲಿ ಇಂಥ ನಿಯಮ ಬರಬೇಕು. ಜಾತ್ರೆಯಲ್ಲಿ ಬಿಲ್ಲೆ ಮಾರಿ ಹೊಟ್ಟೆ ಹೊರೆಯುವವರಿಗೆ ಅದರಿಂದ ನಷ್ಟವಿಲ್ಲ. ಅದೇ ಬಿಲ್ಲೆಯನ್ನು ಕೊಂಡು, ಹೂತು, ಮಸಿ ಹಚ್ಚಿ ಬಹಮನಿಯದೆಂದು ಮಾರುವವರಿಗೆ ಮಾತ್ರ ಕಷ್ಟ.

ಔರಾದಿನ ಆ ರೈತರು ಕಡೆಗೂ ದೂರು ಕೊಟ್ಟರು. ಮಾರಿದವರ ಫೋನ್ ನಂಬರು, ಫೋನಿನಲ್ಲೇ ಉಳಿದಿದ್ದ ಮುಂಗಡದ ಪಾವತಿ, ಒರೆ ಹಚ್ಚಿದ ಸರಾಫನ ಹೇಳಿಕೆ, ಉಜ್ಜದೆ ತೊಳೆಯದೆ ಇಟ್ಟ ಬಿಲ್ಲೆಗಳು, ಇಷ್ಟೇ ಅವರ ಬಂಡವಾಳ. ನೀವೂ ಇಷ್ಟನ್ನು ಕೂಡಿಸಿಕೊಂಡು ಹೋಗಿ. ಮೋಸ ನಡೆದದ್ದು ಬೇರೆ ತಾಲ್ಲೂಕಿನಲ್ಲಿ, ಗಡಿಯಾಚೆ ಮಹಾರಾಷ್ಟ್ರದಲ್ಲಿ ಎಂದು ಯಾರೂ ವಾಪಸ್ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಬರೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅದಕ್ಕೂ ಉತ್ತರ ಬಾರದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ. ಭಾಲ್ಕಿಯಲ್ಲೂ ಔರಾದಿನಲ್ಲೂ ಕೋರ್ಟು ಇದೆ, ಇದಕ್ಕಾಗಿ ಬೀದರಿನವರೆಗೆ ಬಸ್ಸು ಹತ್ತಬೇಕಾಗಿಲ್ಲ.