ಶೂಗೇಜ್

ಶೂಗೇಜ್ (ಶೂಗೇಜಿಂಗ್ ಎಂದೂ ಕರೆಯುತ್ತಾರೆ) 1980ರ ದಶಕದ ಕೊನೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ರೂಪುಗೊಂಡ ಪರ್ಯಾಯ ರಾಕ್ ಸಂಗೀತದ ಒಂದು ಪ್ರಕಾರ. ಪದರಪದರವಾಗಿ ಹರಡಿಕೊಂಡ ಎಲೆಕ್ಟ್ರಿಕ್ ಗಿಟಾರಿನ ನಾದ, ಅದರಲ್ಲಿ ಅರ್ಧ ಮುಳುಗಿದ ಮೆಲುದನಿಯ ಗಾಯನ ಮತ್ತು ಭಾರಿ ಧ್ವನಿಮಟ್ಟ ಇದರ ಮುಖ್ಯ ಲಕ್ಷಣಗಳು. ಇದಕ್ಕಿಂತ ಸ್ವಲ್ಪ ಮೊದಲೇ ಹುಟ್ಟಿದ ಡ್ರೀಮ್ ಪಾಪ್ ಇದರ ಅತ್ಯಂತ ಹತ್ತಿರದ ಪ್ರಕಾರ. ಡ್ರೀಮ್ ಪಾಪ್‌ನಲ್ಲಿ ರಾಗದ ಮಾಧುರ್ಯ ಮುಂದಿರುತ್ತದೆ, ಶೂಗೇಜ್‌ನಲ್ಲಿ ಗಿಟಾರಿನ ಮೊರೆತ. ಆದರೆ ಎರಡರ ನಡುವೆ ಗೆರೆ ಎಳೆಯುವುದು ಕಷ್ಟ. ಸುಗಮ ಸಂಗೀತ ಹಾಗೂ ಚಿತ್ರಗೀತೆಗಳಲ್ಲಿ ಸಾಹಿತ್ಯವು ಸ್ಪಷ್ಟವಾಗಿ ಕೇಳುವುದನ್ನೇ ರೂಢಿ ಮಾಡಿಕೊಂಡವರಿಗೆ ಈ ಸಂಗೀತ ಮೊದಲಿಗೆ ಧ್ವನಿಮುದ್ರಣದ ದೋಷದಂತೆ ತೋರಬಹುದು. ಮಾತು ಮುಳುಗುವುದು ಇಲ್ಲಿ ಉದ್ದೇಶಪೂರ್ವಕ.

ಹೆಸರು

'ಶೂಗೇಜ್' ಎಂದರೆ ಪಾದರಕ್ಷೆಯನ್ನು ದಿಟ್ಟಿಸುವುದು. ವೇದಿಕೆಯ ಮೇಲೆ ವಾದಕರು ಸಭೆಯತ್ತ ನೋಡದೆ ತಲೆತಗ್ಗಿಸಿ ನಿಲ್ಲುತ್ತಿದ್ದುದನ್ನು ಕಂಡು ಬ್ರಿಟನ್ನಿನ ಸಂಗೀತ ಪತ್ರಿಕೆಗಳು 1990ರ ಸುಮಾರಿಗೆ ಇಟ್ಟ ಅಣಕದ ಹೆಸರಿದು. ಕಾಲಿನ ಬಳಿ ಸಾಲಾಗಿ ಜೋಡಿಸಿದ ಪೆಡಲುಗಳನ್ನು ಹಾಡಿನ ನಡುವೆ ಮೆಟ್ಟಿ ಬದಲಿಸಬೇಕಾಗಿದ್ದುದರಿಂದ ಅವರು ಕೆಳಗೆ ನೋಡಲೇಬೇಕಿತ್ತು. ಅಣಕ ಮರೆತುಹೋಗಿ ಹೆಸರು ಉಳಿಯಿತು.

ನಾದದ ರಚನೆ

ಗಿಟಾರಿನಿಂದ ಹೊರಡುವ ವಿದ್ಯುತ್ ಸಂಕೇತವು ಧ್ವನಿವರ್ಧಕವನ್ನು ತಲುಪುವ ಮುನ್ನ ಪೆಡಲುಗಳ ಮೂಲಕ ಹಾಯುತ್ತದೆ. ಡಿಸ್ಟಾರ್ಷನ್ ಪೆಡಲ್ ಸ್ವರವನ್ನು ಒರಟಾಗಿಸಿ ಅದಕ್ಕೆ ಹೊಸ ಉಪಸ್ವರಗಳನ್ನು ಸೇರಿಸುತ್ತದೆ. ಡಿಲೇ ಅದೇ ಸ್ವರವನ್ನು ತುಸು ತಡವಾಗಿ ಮತ್ತೆ ಮತ್ತೆ ನುಡಿಸುತ್ತದೆ. ರಿವರ್ಬ್ ದೊಡ್ಡ ಗುಡಿಯ ಪ್ರಾಂಗಣದಲ್ಲಿ ಉಂಟಾಗುವಂಥ ಅನುರಣನವನ್ನು ಕೊಡುತ್ತದೆ. ಇವೆಲ್ಲ ಒಟ್ಟಾದಾಗ ಒಂದು ಮೀಟು ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಆರಂಭವಾಯಿತೆಂದು ಗುರುತಿಸಲಾಗದ ಅಖಂಡ ನಾದ ಹುಟ್ಟುತ್ತದೆ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್ ಇದಕ್ಕೆ ಇನ್ನೊಂದು ಉಪಾಯ ಸೇರಿಸಿದರು. ತಂತಿಗಳ ಬಿಗಿಯನ್ನು ಬದಲಿಸುವ ಸನ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮೀಟುತ್ತಿದ್ದುದರಿಂದ ಸ್ವರವು ನಿರಂತರವಾಗಿ ತನ್ನ ಸ್ಥಾನದಿಂದ ಜಾರುತ್ತ, ಮರಳುತ್ತ ಇರುತ್ತದೆ.

ಅನುರಣನದಲ್ಲಿ ಮೊದಲು ಅಳಿಯುವುದು ವ್ಯಂಜನಗಳು. ಅವು ಕ್ಷಣಿಕವಾದ, ದುರ್ಬಲ ಶಬ್ದಗಳು. ಸ್ವರಾಕ್ಷರಗಳು ಉಳಿದು ಗಿಟಾರಿನೊಂದಿಗೆ ಬೆರೆಯುತ್ತವೆ. ಹೀಗಾಗಿ ಶೂಗೇಜ್ ಗಾಯನವು ಅರ್ಥವನ್ನು ಹೇಳುವುದಕ್ಕಿಂತ ಒಂದು ವಾದ್ಯದಂತೆ ಕೆಲಸ ಮಾಡುತ್ತದೆ. ಕಾಕ್ಟೋ ಟ್ವಿನ್ಸ್ ತಂಡದ ಗಾಯಕಿ ಎಲಿಜಬೆತ್ ಫ್ರೇಜರ್ ಎಷ್ಟೋ ಕಡೆ ನಿಘಂಟಿನಲ್ಲಿಲ್ಲದ ಶಬ್ದಗಳನ್ನೇ ಹಾಡಿದ್ದಾರೆ. ರಾಗಾಲಾಪನೆಯನ್ನು ಕೇಳಿದವರಿಗೆ ಇದು ಅಪರಿಚಿತವಾಗಬೇಕಿಲ್ಲ. ಅಲ್ಲಿಯೂ ಸಾಹಿತ್ಯವಿಲ್ಲದೆ ಭಾವ ತಲುಪುತ್ತದೆ.

ಇತಿಹಾಸ

ಕಾಕ್ಟೋ ಟ್ವಿನ್ಸ್ 1979ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿ ಆರಂಭವಾಯಿತು. ಅದರ 'ಟ್ರೆಷರ್' (1984) ಮತ್ತು 'ಹೆವನ್ ಆರ್ ಲಾಸ್ ವೇಗಸ್' (1990) ಡ್ರೀಮ್ ಪಾಪ್‌ನ ಮಾದರಿಗಳೆನಿಸಿವೆ. ಸ್ಕಾಟ್ಲೆಂಡಿನದೇ ಆದ ಜೀಸಸ್ ಆ್ಯಂಡ್ ಮೇರಿ ಚೈನ್ ತಂಡದ 'ಸೈಕೋಕ್ಯಾಂಡಿ' (1985) ಸರಳ ರಾಗಗಳ ಮೇಲೆ ಕರ್ಕಶ ಶಬ್ದದ ಹೊದಿಕೆ ಹೊದಿಸಿತು. ಇವೆರಡು ಧಾರೆಗಳು ಕೂಡಿದ ಸ್ಥಳವೆಂದರೆ 1983ರಲ್ಲಿ ಡಬ್ಲಿನ್‌ನಲ್ಲಿ ರೂಪುಗೊಂಡ ಮೈ ಬ್ಲಡಿ ವ್ಯಾಲೆಂಟೈನ್. ಹಲವಾರು ಸ್ಟುಡಿಯೋಗಳಲ್ಲಿ ಸುಮಾರು ಎರಡು ವರ್ಷ ಮುದ್ರಣಗೊಂಡು 1991ರ ನವೆಂಬರ್‌ನಲ್ಲಿ ಬಿಡುಗಡೆಯಾದ ಅದರ 'ಲವ್‌ಲೆಸ್' ಈ ಪ್ರಕಾರದ ಶಿಖರವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ರೈಡ್, ಲಷ್, ಸ್ಲೋಡೈವ್ ಇದೇ ಕಾಲದ ಇತರ ತಂಡಗಳು.

ಅವನತಿ ಬೇಗನೆ ಬಂತು. 1991ರ ಸೆಪ್ಟೆಂಬರ್‌ನಲ್ಲಿ ನಿರ್ವಾಣ ತಂಡದ 'ನೆವರ್‌ಮೈಂಡ್' ಹೊರಬಂದು ಅಮೆರಿಕದ ಗ್ರಂಜ್ ಸಂಗೀತ ಮುನ್ನೆಲೆಗೆ ಬಂತು. ಬೆನ್ನಲ್ಲೇ ಬ್ರಿಟ್‌ಪಾಪ್ ಬಂತು. ಪತ್ರಿಕೆಗಳು ಶೂಗೇಜ್ ತಂಡಗಳನ್ನು ಕಟುವಾಗಿ ಟೀಕಿಸಿದವು. ಸ್ಲೋಡೈವ್‌ನ 'ಸೌವ್ಲಾಕಿ' (1993) ಆಗ ತಿರಸ್ಕಾರಕ್ಕೆ ಗುರಿಯಾಗಿತ್ತು. 'ಪಿಗ್ಮೇಲಿಯನ್' (1995) ಬಳಿಕ ಧ್ವನಿಮುದ್ರಿಕೆ ಸಂಸ್ಥೆ ತಂಡವನ್ನು ಕೈಬಿಟ್ಟಿತು. ಇಂದು 'ಸೌವ್ಲಾಕಿ'ಯನ್ನು ಪ್ರಕಾರದ ಶ್ರೇಷ್ಠ ಕೃತಿಗಳಲ್ಲಿ ಎಣಿಸುತ್ತಾರೆ. ತಂಡ 2014ರಲ್ಲಿ ಮತ್ತೆ ಒಂದಾಯಿತು. ಫ್ರಾನ್ಸಿನ ಆಲ್ಸೆಸ್ಟ್, ಅಮೆರಿಕದ ಡೆಫ್‌ಹೆವನ್ ತಂಡಗಳು ಇದನ್ನು ಬ್ಲ್ಯಾಕ್ ಮೆಟಲ್‌ನೊಂದಿಗೆ ಬೆರೆಸಿ ಬ್ಲ್ಯಾಕ್‌ಗೇಜ್ ಎಂಬ ಶಾಖೆಯನ್ನು ಬೆಳೆಸಿದವು.

ಶ್ರುತಿಯೊಂದಿಗೆ ಸಂಬಂಧ

ಶೂಗೇಜ್ ತಂಡಗಳು ಗುರುವಿನಂತೆ ಕಂಡ ಹಳೆಯ ರಾಕ್ ತಂಡಗಳಲ್ಲಿ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ಒಂದು. ಅದರ ಜಾನ್ ಕೇಲ್ 1960ರ ದಶಕದ ಆರಂಭದಲ್ಲಿ ಲಾ ಮಾಂಟ್ ಯಂಗ್ ಅವರ ತಂಡದಲ್ಲಿದ್ದು, ಒಂದೇ ಸ್ವರವನ್ನು ದೀರ್ಘಕಾಲ ಹಿಡಿಯುವ ಪ್ರಯೋಗಗಳಲ್ಲಿ ಭಾಗವಹಿಸಿದ್ದರು. ಯಂಗ್ ಮುಂದೆ 1970ರಲ್ಲಿ ಕಿರಾಣಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಧಾರವಾಡ ಸೀಮೆಯ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇದೇ ಘರಾನೆಗೆ ಸೇರಿದವರು. ಇದರಿಂದ ಶೂಗೇಜ್ ಭಾರತೀಯ ಸಂಗೀತದಿಂದ ಹುಟ್ಟಿತೆಂದು ಹೇಳುವುದು ಅತಿಶಯೋಕ್ತಿ. ಆದರೆ ನಿಂತ ನಾದದ ಮೇಲಿನ ಒಲವು ಎರಡಕ್ಕೂ ಸಾಮಾನ್ಯ.

ಈ ಹೋಲಿಕೆಗೆ ಹಾಸನ ಜಿಲ್ಲೆಯಲ್ಲೇ ತಕ್ಕ ಉದಾಹರಣೆಯಿದೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ತೀರದಲ್ಲಿರುವ ರುದ್ರಪಟ್ಟಣವು ಆರ್.ಕೆ. ಶ್ರೀಕಂಠನ್ (1920–2014), ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಮೊದಲಾದ ಕರ್ನಾಟಕ ಸಂಗೀತ ವಿದ್ವಾಂಸರ ಊರು. ಅಲ್ಲಿ ಪದ್ಮನಾಭರ ಪ್ರಯತ್ನದಿಂದ ತಂಬೂರಿಯ ಆಕಾರದ ಧ್ಯಾನ ಮಂದಿರವೊಂದು ನಿರ್ಮಾಣವಾಗಿದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಡುವ ನೂಲಿನ ಎಳೆ ಉಪಸ್ವರಗಳನ್ನು ಅರಳಿಸುತ್ತದೆ. ಒಂದು ಮೀಟು ಆರುವ ಮೊದಲೇ ಮತ್ತೊಂದು ಕೂಡಿಕೊಳ್ಳುತ್ತದೆ. ಪೆಡಲುಗಳು ಸಾಧಿಸುವುದೂ ಹೆಚ್ಚುಕಡಿಮೆ ಇದನ್ನೇ. ಭೇದವಿರುವುದು ಸ್ಥಾನದಲ್ಲಿ. ಕಚೇರಿಯಲ್ಲಿ ತಂಬೂರಿ ಗಾಯಕರ ಹಿಂದೆ ಇರುತ್ತದೆ. ಶೂಗೇಜ್‌ನಲ್ಲಿ ಆ ಹಿನ್ನೆಲೆಯೇ ಮುಂದೆ ಬಂದು ಗಾಯಕರು ಅದರ ಹಿಂದೆ ಸರಿಯುತ್ತಾರೆ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಈ ಬಗೆಯ ಸಂಗೀತಕ್ಕೆ ಬೆಂಗಳೂರೇ ನೆಲೆ. ಲೌಂಜ್ ಪಿರಾನಾ, ಅಂಟಿಲ್ ವಿ ಲಾಸ್ಟ್ ಮೊದಲಾದ ಅಲ್ಲಿನ ತಂಡಗಳನ್ನು ಶೂಗೇಜ್‌ನ ನೆರೆಯ ಪ್ರಕಾರವಾದ ಪೋಸ್ಟ್ ರಾಕ್‌ಗೆ ಸೇರಿಸಲಾಗುತ್ತದೆ. ಕನ್ನಡದಲ್ಲಿ ಹಾಡುವ ರಾಕ್ ಬೇರೆ ದಾರಿ ಹಿಡಿಯಿತು. ರಘು ದೀಕ್ಷಿತ್ ಪ್ರಾಜೆಕ್ಟ್ ಶಿಶುನಾಳ ಶರೀಫರ ಪದಗಳನ್ನು ಎತ್ತಿಕೊಂಡಿತು. ಅಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ. ತತ್ವಪದದಲ್ಲಿ ಮಾತು ಮುಳುಗಿದರೆ ಪದವೇ ಮುಳುಗಿದಂತೆ. ಆದರೂ ಅಚ್ಚಗನ್ನಡದ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುತ್ತವೆ. ಅನುರಣನದಲ್ಲಿ ಉಳಿಯುವುದೂ ಸ್ವರವೇ ಆದ್ದರಿಂದ, ವ್ಯಂಜನಾಂತ್ಯದ ಪದಗಳು ಹೇರಳವಾಗಿರುವ ಇಂಗ್ಲಿಷಿಗಿಂತ ಕನ್ನಡ ಈ ಗಾಯನಶೈಲಿಗೆ ಸುಲಭವಾಗಿ ಒಗ್ಗೀತು.