ಇಳಿಜಾರು ಹುಲ್ಲುಹಾಸಿನ ಅನಗತ್ಯ ಕಾಂಕ್ರೀಟ್ ಮೆಟ್ಟಿಲುಗಳ ತೆರವು: ಸದಸ್ಯರು ಗಮನಿಸಬೇಕಾದ ಅಂಶಗಳು

ತೀರ್ಥಹಳ್ಳಿ, ಹೊಸನಗರ, ಸಾಗರದಂತಹ ಮಲೆನಾಡು ತಾಲ್ಲೂಕುಗಳಲ್ಲಿ ಪಂಚಾಯಿತಿ ಕಚೇರಿ, ಶಾಲೆ, ಸಮುದಾಯ ಭವನಗಳಿಗೆ ಸಮತಟ್ಟಾದ ನಿವೇಶನ ದೊರೆಯುವುದು ಸುಲಭವಲ್ಲ. ಗುಡ್ಡದ ಪಾರ್ಶ್ವವನ್ನು ಕಡಿದು ಕಟ್ಟಡ ನಿಲ್ಲಿಸಿ, ಮುಂದಿನ ಇಳಿಜಾರಿನಲ್ಲಿ ಹುಲ್ಲು ಬೆಳೆಸಿ, ನಡುವೆ ಕಾಂಕ್ರೀಟ್ ಮೆಟ್ಟಿಲು ಹಾಕುವುದು ರೂಢಿ. ಕೆಲವು ವರ್ಷಗಳ ತರುವಾಯ ವಾಹನದ ರಸ್ತೆ ಇನ್ನೊಂದು ಬದಿಗೆ ಆದಾಗ ಜನರ ಓಡಾಟವೂ ಅತ್ತ ತಿರುಗುತ್ತದೆ. ಹಳೆಯ ಮೆಟ್ಟಿಲುಗಳು ಪಾಚಿ ಕಟ್ಟಿ, ಅಂಚು ಮುರಿದು, ತುಕ್ಕು ಹಿಡಿದ ಸರಳುಗಳನ್ನು ಹೊರಚಾಚಿಕೊಂಡು ಉಳಿಯುತ್ತವೆ. ಮಕ್ಕಳು ಜಾರಿ ಬೀಳುತ್ತಾರೆಂಬ ದೂರು ಸಾಮಾನ್ಯ ಸಭೆಗೆ ಬರುತ್ತದೆ. ಒಂದು ದಿನ ಜೆಸಿಬಿ ತರಿಸಿ ಕೀಳಿಸಿದರಾಯಿತು ಎಂಬ ಮಾತಿನೊಂದಿಗೆ ಚರ್ಚೆ ಮುಗಿಯುತ್ತದೆ.

ಅಷ್ಟಕ್ಕೆ ಮುಗಿಸುವ ವಿಷಯ ಇದಲ್ಲ. ಜನರು ಬಳಸುವುದನ್ನು ಬಿಟ್ಟ ಮೆಟ್ಟಿಲನ್ನು ಧರೆ ಇನ್ನೂ ಬಳಸುತ್ತಿರುತ್ತದೆ. ಎರಡೂ ಬದಿಯ ಮಣ್ಣು ಅದಕ್ಕೆ ಒರಗಿ ನಿಂತಿರುತ್ತದೆ. ಮೇಲಿನ ಅಂಗಳದ ಮಳೆನೀರು ಅದರ ಮೇಲೆಯೇ ಇಳಿದು ಚರಂಡಿ ಸೇರುತ್ತಿರುತ್ತದೆ. ಗಂಟೆಗೆ 50 ಮಿಲಿಮೀಟರ್ ಪ್ರಮಾಣದಲ್ಲಿ ಮಳೆ ಸುರಿದರೆ 200 ಚದರ ಮೀಟರ್ ಅಂಗಳದ ಮೇಲೆ ಒಂದು ಗಂಟೆಯಲ್ಲಿ 10,000 ಲೀಟರ್ ನೀರು ಬೀಳುತ್ತದೆ. ಮೆಟ್ಟಿಲು ಕಿತ್ತ ಜಾಗದಲ್ಲಿ ಸಡಿಲ ಮಣ್ಣು ಮಾತ್ರ ಇದ್ದರೆ ಆ ನೀರು ಅಲ್ಲಿಯೇ ಕೊರೆಯುತ್ತದೆ. ಮೊದಲ ಮಳೆಗೆ ಗೇಣಗಲದ ಕೊರಕಲು, ಜುಲೈ ವೇಳೆಗೆ ಆಳುದ್ದದ ಹಳ್ಳ. ಕೆಳಗೆ ಅಂಗನವಾಡಿಯೋ ಯಾರದೋ ಮನೆಯ ಹಿತ್ತಿಲೋ ಇದ್ದರೆ ಧರೆ ಕುಸಿತದ ಹೊಣೆ ಪಂಚಾಯಿತಿಯ ತಲೆಗೆ ಬರುತ್ತದೆ. ಆದುದರಿಂದ ಮಣ್ಣನ್ನು ಹಿಡಿಯುವ ಮತ್ತು ನೀರನ್ನು ಸಾಗಿಸುವ ಈ ಎರಡು ಕೆಲಸಗಳಿಗೆ ಬದಲಿ ವ್ಯವಸ್ಥೆ ನಿಶ್ಚಯವಾದ ಬಳಿಕವಷ್ಟೇ ತೆರವಿಗೆ ಕೈಹಾಕತಕ್ಕದ್ದು.

ಮೆಟ್ಟಿಲು ನಿಜವಾಗಿ ಅನಗತ್ಯವೇ ಎಂಬುದನ್ನು ಒಂದು ಸಂತೆಯ ದಿನ ಬೆಳಗಿನಿಂದ ಸಂಜೆಯವರೆಗೆ ಗಮನಿಸಿದರೆ ತಿಳಿಯುತ್ತದೆ. ಬಸ್ ಇಳಿದು ಬರುವ ವೃದ್ಧರು ರಸ್ತೆಯ ಸುತ್ತು ತಪ್ಪಿಸಲು ಇದನ್ನೇ ಹಿಡಿಯುತ್ತಿರಬಹುದು. ಮೆಟ್ಟಿಲಿನ ಬದಲು ಇಳಿಜಾರು ದಾರಿ ಮಾಡುವ ಸಲಹೆಯೂ ಸಭೆಗಳಲ್ಲಿ ಕೇಳಿಬರುತ್ತದೆ. ಗಾಲಿಕುರ್ಚಿ ಸಾಗಬೇಕಾದರೆ 1 ಮೀಟರ್ ಏರಿಕೆಗೆ ಕನಿಷ್ಠ 12 ಮೀಟರ್ ಉದ್ದ ಬೇಕು. 15 ಸೆಂಟಿಮೀಟರ್ ಎತ್ತರದ 10 ಮೆಟ್ಟಿಲುಗಳು ಏರುವುದು ಒಂದೂವರೆ ಮೀಟರ್. ಅದಕ್ಕೆ 18 ಮೀಟರ್ ಉದ್ದದ ದಾರಿ, ನಡುವೆ ತಂಗಲು ಸಮತಟ್ಟು ಜಾಗ ಬೇಕಾಗುತ್ತದೆ. ಅಷ್ಟು ಸ್ಥಳವಿಲ್ಲದ ಕಡೆ ಕಡಿದಾದ ಜಾರು ದಾರಿ ಮಾಡುವುದು ಮೆಟ್ಟಿಲಿಗಿಂತ ಅಪಾಯಕರ.

ಕೆಲಸದ ಗಾತ್ರವನ್ನು ಅಂದಾಜಿಸುವುದು ಕಷ್ಟವಲ್ಲ. ಮೇಲಿನ ಉದಾಹರಣೆಯ 10 ಮೆಟ್ಟಿಲುಗಳು 1.2 ಮೀಟರ್ ಅಗಲವಿದ್ದು, ಪ್ರತಿಯೊಂದರಲ್ಲೂ ಕಾಲಿಡುವ ಜಾಗ 30 ಸೆಂಟಿಮೀಟರ್, ಅಡಿಯ ಹಲಗೆ 15 ಸೆಂಟಿಮೀಟರ್ ದಪ್ಪವಿದ್ದರೆ, ಒಟ್ಟು ಕಾಂಕ್ರೀಟ್ ಸುಮಾರು 0.9 ಘನ ಮೀಟರ್, ತೂಕ 2 ಟನ್ನಿಗೂ ಹೆಚ್ಚು. ಒಡೆದಾಗ ಗಾತ್ರ ಸುಮಾರು ಒಂದೂವರೆ ಪಟ್ಟಾಗುತ್ತದೆ. ಆದರೂ ಟ್ರ್ಯಾಕ್ಟರ್ ಟ್ರೈಲರಿನ ಒಂದು ಲೋಡಿಗೆ ಮೀರದು. ಸುತ್ತಿಗೆ, ಹಾರೆ, ಉಳಿ ಹಾಗೂ ಬಾಡಿಗೆಯ ಬ್ರೇಕರ್ ಯಂತ್ರದಿಂದ ಕೆಲವೇ ದಿನಗಳಲ್ಲಿ ಆಗುವ ಕೆಲಸಕ್ಕೆ 7–8 ಟನ್ ತೂಗುವ ಜೆಸಿಬಿಯನ್ನು ಒದ್ದೆ ಇಳಿಜಾರಿಗೆ ಇಳಿಸುವುದರಲ್ಲಿ ಜಾಣತನವಿಲ್ಲ. ಮೆಟ್ಟಿಲಿನೊಡನೆ ಸುತ್ತಲಿನ ಹುಲ್ಲುಹಾಸೂ ಹೋಗುತ್ತದೆ, ಯಂತ್ರ ಮಗುಚುವ ಭಯವೂ ಇರುತ್ತದೆ.

ಒಡೆಯುವ ಮುನ್ನ ನೀರುಗಂಟಿಯನ್ನು ಕರೆಸಿ ಕೇಳುವುದು ಅವಶ್ಯ. ಕುಡಿಯುವ ನೀರಿನ ಕೊಳವೆಯನ್ನು ಮೆಟ್ಟಿಲಿನ ಪಕ್ಕದಲ್ಲಿ ಅಥವಾ ಅಡಿಯಲ್ಲಿ ಹಾಯಿಸಿದ್ದರೆ ಅದು ಯಾವ ನಕ್ಷೆಯಲ್ಲಿಯೂ ಇರಲಿಕ್ಕಿಲ್ಲ, ಆತನಿಗೆ ಮಾತ್ರ ತಿಳಿದಿರುತ್ತದೆ. ವಿದ್ಯುತ್ ತಂತಿ, ಕಟ್ಟಡದ ಅರ್ಥಿಂಗ್ ಪಟ್ಟಿ, ದೂರವಾಣಿ ಕೇಬಲ್‌ಗಳನ್ನೂ ಗುರುತಿಸಿಕೊಳ್ಳಬೇಕು. ಮೆಟ್ಟಿಲಿಗೆ ತಾಗಿಕೊಂಡೇ ಕಾಂಪೌಂಡ್ ಗೋಡೆ ಇದ್ದರೆ ಅದರ ಪಾಯ ಪ್ರತ್ಯೇಕವಾಗಿದೆಯೇ ಎಂಬುದನ್ನು ಇಂಜಿನಿಯರ್ ನೋಡಿ ಹೇಳಬೇಕು.

ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತಾ ಬರಬೇಕು. ಕೆಳಗಿನದನ್ನು ಮೊದಲು ತೆಗೆದರೆ ಮೇಲಿನ ಭಾಗಕ್ಕೆ ಆಸರೆ ತಪ್ಪಿ ಇಡೀ ಹಲಗೆ ಒಮ್ಮೆಲೇ ಜಾರಬಹುದು. ಒಡೆಯುವವರು ತುಂಡಿನ ಕೆಳಬದಿಯಲ್ಲಿ ನಿಲ್ಲಕೂಡದು. ಒಂದಡಿ ಉದ್ದ, ಒಂದಡಿ ಅಗಲ, ಅರ್ಧ ಅಡಿ ದಪ್ಪದ ತುಂಡು 30 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಅದನ್ನು ಉರುಳಿಸಿ ಬಿಡುವುದು ಬಂಡೆ ಉರುಳಿಸಿದಂತೆಯೇ. ಸಣ್ಣದಾಗಿ ಒಡೆದು ಬಾಂಡ್ಲಿಯಲ್ಲಿ ಹೊತ್ತು ಸಾಗಿಸಬೇಕು. ಕೆಲಸದವರಿಗೆ ಕನ್ನಡಕ, ಕೈಗವಸು, ಬೂಟು, ಧೂಳು ತಡೆಯುವ ಮುಖಗವಸು ನೀಡುವುದು, ಆಗಾಗ್ಗೆ ನೀರು ಚಿಮುಕಿಸುವುದು, ಕೆಳಗಿನ ಜಾಗಕ್ಕೆ ಹಗ್ಗ ಕಟ್ಟಿ ಮಕ್ಕಳನ್ನು ತಡೆಯುವುದು ಅಂದಾಜುಪಟ್ಟಿಯಲ್ಲಿಯೇ ಸೇರಿರಲಿ. ಹೊರಬಂದ ಸರಳು ಪಂಚಾಯಿತಿಯ ಸ್ವತ್ತು; ತೂಕ ಹಾಕಿಸಿ ಕ್ರಮಬದ್ಧವಾಗಿ ವಿಲೇವಾರಿ ಮಾಡತಕ್ಕದ್ದು. ಕಾಂಕ್ರೀಟ್ ಚೂರುಗಳು ಹಳ್ಳ, ಕೆರೆಯಂಗಳ ಸೇರಬಾರದು. ಗ್ರಾಮದ ರಸ್ತೆಯ ಗುಂಡಿಗೆ ತಳಪಾಯವಾಗಿ ಅವು ಉಪಯೋಗಕ್ಕೆ ಬರುತ್ತವೆ.

ಖರ್ಚು ಉಳಿಸಲು ಮೆಟ್ಟಿಲುಗಳ ಮೇಲೆಯೇ ಮಣ್ಣು ಸುರಿದು ಹುಲ್ಲು ಹಾಕುವ ಉಪಾಯವೊಂದು ಚಾಲ್ತಿಯಲ್ಲಿದೆ. ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ. ಅರ್ಧ ಅಡಿ ಮಣ್ಣಿನ ಕೆಳಗೆ ಕಾಂಕ್ರೀಟ್ ಇದ್ದಲ್ಲಿ ಬೇರು ಆಳಕ್ಕೆ ಇಳಿಯದು. ಮಾರ್ಚ್ ಬಂದೊಡನೆ ಹುಲ್ಲು ಮೆಟ್ಟಿಲಿನ ಆಕಾರದಲ್ಲಿಯೇ ಒಣಗಿ, ಹೂತಿಟ್ಟದ್ದನ್ನು ತೋರಿಸಿಕೊಡುತ್ತದೆ. ಮಳೆಗಾಲದಲ್ಲಿ ನೀರು ಕಾಂಕ್ರೀಟಿನ ನುಣುಪು ಮೈಗೆ ತಲುಪಿದಾಗ ಮೇಲಿನ ಮಣ್ಣು ಚಾಪೆಯಂತೆ ಜಾರುತ್ತದೆ. ಹೂಳಲೇಬೇಕಾದ ಸಂದರ್ಭದಲ್ಲಿ ಕಾಂಕ್ರೀಟನ್ನು ಅಲ್ಲಲ್ಲಿ ತೂತು ಬೀಳುವಂತೆ ಒಡೆದು, ಮೇಲೆ ಕನಿಷ್ಠ ಒಂದೂವರೆ ಅಡಿ ಮಣ್ಣು ನಿಲ್ಲುವಂತಿರಬೇಕು. ಎರಡಕ್ಕೆ ಒಂದರಷ್ಟು ಕಡಿದಾದ ಇಳಿಜಾರಿನಲ್ಲಿ ಇದು ಬಹುಮಟ್ಟಿಗೆ ಅಸಾಧ್ಯ.

ಕಿತ್ತ ಜಾಗವನ್ನು ತುಂಬುವುದೇ ಈ ಕಾಮಗಾರಿಯ ಮುಖ್ಯ ಭಾಗ. ಕೀಳುವುದಕ್ಕಿಂತ ಹೆಚ್ಚಿನ ಮೇಲ್ವಿಚಾರಣೆ ಇದಕ್ಕೆ ಬೇಕು. ಸಿಮೆಂಟಿನ ಪುಡಿ ಮಣ್ಣನ್ನು ಕ್ಷಾರವಾಗಿಸುವುದರಿಂದ ಚೂರುಗಳನ್ನು ಆರಿಸಿ ತೆಗೆಯಬೇಕು. ಹಳೆಯ ಗಟ್ಟಿ ಮಣ್ಣನ್ನು ಗದ್ದೆಯ ಮಡಿಗಳಂತೆ ಸಣ್ಣ ಮೆಟ್ಟುಗಳಾಗಿ ಕಡಿದುಕೊಂಡರೆ ಹೊಸ ಮಣ್ಣು ಅದಕ್ಕೆ ಕಚ್ಚಿಕೊಳ್ಳುತ್ತದೆ. ಮಣ್ಣನ್ನು ಕೆಳಗಿನಿಂದ ಮೇಲಕ್ಕೆ, ತಲಾ 15 ಸೆಂಟಿಮೀಟರ್ ಪದರಗಳಲ್ಲಿ, ಹದವಾಗಿ ನೀರು ಚಿಮುಕಿಸಿ, ದಮ್ಮಸು ಮಾಡುತ್ತಾ ತುಂಬಬೇಕು. ಒತ್ತಿದಾಗ ಕುಗ್ಗುವುದರಿಂದ ಅಳತೆಗಿಂತ ಕಾಲು ಭಾಗ ಹೆಚ್ಚು ಮಣ್ಣು ತರಿಸಿಟ್ಟುಕೊಳ್ಳುವುದು ಲೇಸು. ಕೊನೆಯ ಪದರಕ್ಕೆ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆತ ಮೇಲ್ಮಣ್ಣು ಇರಲಿ. ಅದರ ಮೇಲೆ ತೆಂಗಿನ ನಾರಿನ ಜಾಲ ಹಾಸಿ ಬಿದಿರಿನ ಗೂಟಗಳಿಂದ ಬಿಗಿದರೆ ಬೇರೂರುವವರೆಗೆ ಮಣ್ಣು ನಿಲ್ಲುತ್ತದೆ. ಇಳಿಜಾರಿಗೆ ಅಡ್ಡವಾಗಿ ಲಾವಂಚದ ಒಂದೆರಡು ಸಾಲು, ನಡುವೆ ಗರಿಕೆ. ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆ ಕಟ್ಟುವಂತೆ ಸಂದು ತಪ್ಪಿಸಿ ಇಡಬೇಕು. ಸಂದುಗಳು ಒಂದೇ ನೇರಕ್ಕೆ ಬಂದರೆ ಅದೇ ನೀರಿನ ದಾರಿಯಾಗುತ್ತದೆ.

ಮೇಲಿನ ಅಂಗಳದ ನೀರನ್ನು ತುಂಬಿದ ಜಾಗಕ್ಕೆ ಬಾರದಂತೆ ಇಳಿಜಾರಿನ ನೆತ್ತಿಯಲ್ಲಿಯೇ ಅಡ್ಡ ಚರಂಡಿ ತೋಡಿ, ಪಕ್ಕದ ಗಟ್ಟಿ ಕಾಲುವೆಗೆ ತಿರುಗಿಸಬೇಕು. ನೀರು ಇಂಗಿಸುವ ಉತ್ಸಾಹದಲ್ಲಿ ಕೆಲವರು ಇದೇ ನೆತ್ತಿಯಲ್ಲಿ ಇಂಗುಗುಂಡಿ ಸೂಚಿಸುವುದುಂಟು. ಬೇರೆಡೆ ಒಳ್ಳೆಯದಾದ ಇಂಗುಗುಂಡಿ ಧರೆಯ ತಲೆಯ ಮೇಲೆ ಮಾತ್ರ ಸಲ್ಲದು. ಒಳಗೆ ನೆನೆದ ಮಣ್ಣಿನ ಭಾರ ಹೆಚ್ಚಿ ಹಿಡಿತ ತಗ್ಗುತ್ತದೆ.

ಕಾಲದ ಆಯ್ಕೆಯಲ್ಲಿ ತಪ್ಪಿದರೆ ಉಳಿದೆಲ್ಲ ಎಚ್ಚರವೂ ವ್ಯರ್ಥ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಕಡೆ ಮೇ ಕೊನೆಯಲ್ಲಿ ಕಿತ್ತು ಜೂನ್‌ನಲ್ಲಿ ತುಂಬಿದ ಮಣ್ಣು ನಿಲ್ಲುವ ಭರವಸೆಯಿಲ್ಲ. ಜನವರಿ–ಫೆಬ್ರುವರಿಯಲ್ಲಿ ಒಡೆದು, ಮಾರ್ಚ್ ಒಳಗೆ ತುಂಬಿ, ನೀರುಣಿಸಿ ಕುಳ್ಳಿರಿಸಿ, ಏಪ್ರಿಲ್‌ನಲ್ಲಿ ಹುಲ್ಲು ನೆಟ್ಟರೆ ಆರಿದ್ರಾ ಮಳೆ ಬಿರುಸಾಗುವ ವೇಳೆಗೆ ಬೇರು ಹಿಡಿದಿರುತ್ತದೆ. ಇದಕ್ಕಾಗಿ ಸಾಮಾನ್ಯ ಸಭೆಯ ಠರಾವು, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿಗಳು ಡಿಸೆಂಬರ್ ಒಳಗೆ ಮುಗಿದಿರಬೇಕು. ಹಣಕಾಸು ವರ್ಷದ ಕೊನೆಗೆ ಉಳಿದ ಅನುದಾನವನ್ನು ಹೇಗಾದರೂ ಖರ್ಚು ಮಾಡುವ ಅವಸರದಲ್ಲಿ ಮಾರ್ಚ್ ಅಂತ್ಯಕ್ಕೆ ಮೆಟ್ಟಿಲು ಕಿತ್ತು, ತುಂಬುವ ಕೆಲಸವನ್ನು ಮುಂದಿನ ಕ್ರಿಯಾಯೋಜನೆಗೆ ಬಿಡುವುದಕ್ಕಿಂತ ಒಂದು ವರ್ಷ ಕಾಯುವುದು ಮೇಲು. ಅಲ್ಲಿಯವರೆಗೆ ಚಾಚಿದ ಸರಳುಗಳನ್ನು ಕತ್ತರಿಸಿ, ಮೆಟ್ಟಿಲಿನ ಎರಡೂ ತುದಿಗೆ ಬೇಲಿ ಹಾಕಿದರೆ ಮಕ್ಕಳು ಬೀಳುವುದು ತಪ್ಪುತ್ತದೆ.

ಒಡೆಯುವ ಮೊದಲು, ತುಂಬುವಾಗ, ಮುಗಿದ ಬಳಿಕ ಛಾಯಾಚಿತ್ರ ತೆಗೆಸಿ, ಅಳತೆ ಪುಸ್ತಕದಲ್ಲಿ ಕಾಂಕ್ರೀಟ್ ತೆರವನ್ನೂ ಮಣ್ಣು ತುಂಬಿದ್ದನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು. ಆಸ್ತಿ ವಹಿಯಲ್ಲಿ ಮೆಟ್ಟಿಲಿನ ನಮೂದನ್ನು ಠರಾವಿನ ಸಂಖ್ಯೆಯೊಂದಿಗೆ ತೆಗೆಯಬೇಕು. ಮೊದಲ ಮಳೆಗಾಲದಲ್ಲಿ ವಾರ್ಡಿನ ಸದಸ್ಯರು ವಾರಕ್ಕೊಮ್ಮೆ ಸ್ಥಳ ನೋಡುವುದು ಒಳ್ಳೆಯದು. ತುಂಬಿದ ಜಾಗ ನಾಲ್ಕು ಬೆರಳಿನಷ್ಟು ಕುಸಿದಿದ್ದರೆ ಬಿಡುವಿನ ದಿನ ಮಣ್ಣು ಹಾಕಿ ಹೆಂಟೆ ಕೂರಿಸಿದರೆ ಸಾಕು. ಮೇಲಿನ ಅಂಗಳದಲ್ಲಿ ಉದ್ದನೆಯ ಬಿರುಕು ಕಂಡರೆ, ಅಥವಾ ಇಳಿಜಾರಿನ ಬುಡದಲ್ಲಿ ಬಗ್ಗಡ ನೀರು ಒಸರತೊಡಗಿದರೆ, ಕೆಳಗಿನ ಮನೆಯವರಿಗೆ ಮೊದಲು ತಿಳಿಸಿ, ಅದೇ ದಿನ ಇಂಜಿನಿಯರನ್ನು ಕರೆಸತಕ್ಕದ್ದು.