ಹೊಗೆ ಎಷ್ಟು, ಹಬೆ ಎಷ್ಟು?

ಚಿಮ್ಮಡಕ್ಕೂ ನಮ್ಮ ಕಾಫಿ, ಅಡಿಕೆಗೂ ಎಲ್ಲಿಂದೆಲ್ಲಿಯ ನಂಟು ಎಂದು ತಾವು ಕೇಳಬಹುದು. ರಬಕವಿ-ಬನಹಟ್ಟಿ ತಾಲ್ಲೂಕಿನ ಆ ಸೀಮೆ ಕಬ್ಬಿನದು. ನಮ್ಮ ಮನೆಯ ಹೆಣ್ಣುಮಗಳನ್ನು ಆ ಊರಿಗೆ ಕೊಟ್ಟಿರುವುದರಿಂದ ಕಬ್ಬು ಕಡಿಯುವ ಕಾಲಕ್ಕೆ ಹೋಗಿದ್ದೆವು. ಸಂಜೆಯಾದರೆ ಹೊಲಗಳಲ್ಲಿ ರವದಿಗೆ ಬೆಂಕಿ, ನಮಗೆ ಕಣ್ಣುರಿ. ಓದುತ್ತಿರುವ ಸೋದರಳಿಯ ಪಡಸಾಲೆಯಲ್ಲಿ ಕಂಪ್ಯೂಟರಿಗೆ ಅಂಗೈಯಗಲದ ಡಬ್ಬಿಯೊಂದನ್ನು ಜೋಡಿಸಿಕೊಂಡು ಕುಳಿತಿದ್ದ. "ನೋಡ್ರಿ ಮಾಮಾ, ಹೊಗಿ ಎಷ್ಟೈತಿ ಅಂತ ಇದು ಹೇಳತೈತಿ" ಎಂದ. ಇಣುಕಿದರೆ ಅಂಕಿ 5427.6!

"ಹಾಗಿದ್ದರೆ ನಾವು ಯಾರೂ ಉಳಿಯುತ್ತಿರಲಿಲ್ಲ ಕಣಪ್ಪಾ" ಎಂದು ನಕ್ಕೆವು. ಹುಡುಗ ನಗಲಿಲ್ಲ.

ಡಬ್ಬಿಯ ಹೆಸರು ಎಸ್‌ಡಿಎಸ್ 011. ಒಳಗೊಂದು ಪುಟ್ಟ ಫ್ಯಾನು ಗಾಳಿಯನ್ನು ಎಳೆಯುತ್ತದೆ, ಲೇಸರ್ ಬೆಳಕು ಅದನ್ನು ಹಾಯುತ್ತದೆ, ಕಣಗಳಿಗೆ ತಾಗಿ ಚದುರಿದ ಬೆಳಕಿನಿಂದ ಲೆಕ್ಕ ಸಿಗುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ 2015ರಲ್ಲಿ ಕೆಲಸ ಆರಂಭಿಸಿದ ಸ್ವಯಂಸೇವಕರು ಊರ ಗಾಳಿಯನ್ನು ತಾವೇ ಅಳೆಯಲು ಬಳಸಿದ್ದೂ ಇದನ್ನೇ. ಸೆಕೆಂಡಿಗೊಮ್ಮೆ ಇದು ತಂತಿಯ ಮೂಲಕ ಹತ್ತು ಅಂಕಿಗಳನ್ನು ಒಂದರ ಹಿಂದೊಂದು ಕಳಿಸುತ್ತದೆ. ಹೀಗೆ ಸಾಲಾಗಿ ಬರುವುದರಿಂದ ಅದಕ್ಕೆ ಸೀರಿಯಲ್ ಸಂಪರ್ಕ ಎನ್ನುತ್ತಾರೆ. ವೇಗ 9600 ಎಂದು ಎರಡೂ ಕಡೆ ಒಪ್ಪಿಕೊಂಡಿರಬೇಕು, ಇಲ್ಲವಾದರೆ ಕಸವೇ ಬರುತ್ತದೆ.

ಒಂದು ಕಂತು ಹೀಗಿರುತ್ತದೆ: 170, 192, 212, 4, 58, 10, 161, 96, 29, 171. ಮೊದಲಿನ 170, 192 ತಲೆಗುರುತು, ಕೊನೆಯ 171 ಬಾಲ. ಮೂರನೆಯದೂ ನಾಲ್ಕನೆಯದೂ ಸಣ್ಣ ಕಣ, ಅಂದರೆ ಪಿಎಂ 2.5. ಇಲ್ಲಿ ಚಿಕ್ಕ ಬೆಲೆಯ ಅಂಕಿ ಮುಂದೆ, ದೊಡ್ಡ ಬೆಲೆಯದು ಹಿಂದೆ. 4ನ್ನು 256ರಿಂದ ಗುಣಿಸಿ 212 ಕೂಡಿಸಿದರೆ 1236, ಹತ್ತರಿಂದ ಭಾಗಿಸಿದರೆ ಘನ ಮೀಟರಿಗೆ 123.6 ಮೈಕ್ರೋಗ್ರಾಂ. ಅಳಿಯ ಅದನ್ನು ತಿರುವುಮುರುವು ಮಾಡಿ 212ನ್ನು ಗುಣಿಸಿದ್ದ! ಈ ಯಂತ್ರ 999.9ರ ಮೇಲೆ ಹೇಳುವುದೇ ಇಲ್ಲ, ಅಲ್ಲಿಯೇ ಅನುಮಾನ ಬರಬೇಕಿತ್ತು.

ಅದನ್ನು ತಿದ್ದಿದರೂ ನಡುನಡುವೆ ಅಂಕಿ ಹುಚ್ಚಾಟ ಆಡುತ್ತಿತ್ತು. ಅವನು ಬರೆದದ್ದು ಜಾವಾಸ್ಕ್ರಿಪ್ಟಿನಲ್ಲಿ, ನೋಡ್ ಎಂಬ ವ್ಯವಸ್ಥೆಯ ಮೇಲೆ, ಸೀರಿಯಲ್‌ಪೋರ್ಟ್ ಎಂಬ ಸಿದ್ಧ ಸಾಮಗ್ರಿ ಹಿಡಿದು. ತಂತಿಯಿಂದ ಬಂದದ್ದನ್ನು ಅದು ಬಂದ ಹಾಗೆಯೇ ಕೈಗಿಡುತ್ತದೆ: ಒಮ್ಮೆ ಆರು ಅಂಕಿ, ಒಮ್ಮೆ ನಾಲ್ಕು. ಹುಡುಗ ಪ್ರತಿ ಸಲವೂ ಪೂರ್ತಿ ಹತ್ತು ಬಂದಿದೆ ಎಂದೇ ನಂಬಿದ್ದ. ಅಡಿಕೆ ಲೋಡು ಎರಡು ಗಾಡಿಯಲ್ಲಿ ಬಂದರೆ ಮೊದಲ ಗಾಡಿಗೇ ಚೀಟಿ ಹರಿದಂತೆ! ಬಂದದ್ದನ್ನೆಲ್ಲ ಒಂದು ಕಡೆ ಕೂಡಿಟ್ಟು, 170 ಹುಡುಕಿ, ಅಲ್ಲಿಂದ ಹತ್ತು ತುಂಬುವ ತನಕ ಕಾಯಬೇಕು. ಆಮೇಲೆ ನಡುವಿನ ಆರು ಅಂಕಿ ಕೂಡಿಸಬೇಕು. ಮೇಲಿನದರಲ್ಲಿ 541. ಅದನ್ನು 256ರಿಂದ ಭಾಗಿಸಿದಾಗ ಉಳಿಯುವ ಶೇಷ 29, ಒಂಬತ್ತನೆಯ ಅಂಕಿಯೂ 29. ತಾಳೆಯಾಗದ ಕಂತನ್ನು ಎಸೆಯುವುದೇ ಸರಿ. ಇಷ್ಟಾಗುವ ಹೊತ್ತಿಗೆ ರಾತ್ರಿ ಊಟಕ್ಕೆ ಎರಡು ಸಲ ಕರೆ ಬಂದಿತ್ತು.

ಅವನಿಂದ ಕಲಿತು ನಾವೂ ಒಂದನ್ನು ತರಿಸಿದೆವು. ಕಾರಣವಿತ್ತು. ನಮ್ಮಲ್ಲಿ ಅಡಿಕೆ ಬೇಯಿಸುವ ಒಲೆ ನೋಡುವಾಕೆ ಕಳೆದ ಸುಗ್ಗಿಯಿಡೀ ಕೆಮ್ಮಿದ್ದಳು. ಹಸಿ ಸೌದೆ ಎಂದು ನಾವು, ಗೂಡು ತಗ್ಗು ಎಂದು ಆಕೆ. ಅಳೆದು ನೋಡೋಣ ಎಂದು ಡಬ್ಬಿಯನ್ನು ಹಂಡೆಯ ಮೇಲಿನ ತೊಲೆಗೆ ಕಟ್ಟಿದೆವು. ಮರುದಿನ ಒಲೆಗೆ ಬೆಂಕಿ ಇಡುವ ಮುಂಚೆಯೇ ಅಂಕಿ ಏರಿ ಕುಳಿತಿತ್ತು!

ಹೊರಗೆ ಮಂಜು ಕವಿದಿತ್ತು. ನೀರ ಹನಿಗೂ ಧೂಳಿನ ಕಣಕ್ಕೂ ಲೇಸರಿಗೆ ಭೇದವಿಲ್ಲ. ತಯಾರಕರ ಕಾಗದದಲ್ಲೇ ತೇವಾಂಶ ಶೇಕಡ 70ನ್ನು ಮೀರಬಾರದೆಂದಿದೆ, ಮಲೆನಾಡಿನಲ್ಲಿ ಅದು ಅರ್ಧ ವರ್ಷ ಮೀರಿಯೇ ಇರುತ್ತದೆ. ಹಂಡೆಯ ಹಬೆಯನ್ನೂ ಅದು ಹೊಗೆಯೆಂದೇ ಬರೆದುಕೊಳ್ಳುತ್ತಿತ್ತು. ಹಾಗಾಗಿ ಡಬ್ಬಿಯನ್ನು ಇಳಿಸಿ ಆಕೆ ನಿಲ್ಲುವ ಕಡೆ, ಮೂಗಿನ ಎತ್ತರಕ್ಕೆ ಇಟ್ಟೆವು. ಪಕ್ಕದಲ್ಲಿ ತೇವಾಂಶ ಮಾಪಕ. ಮಂಜು ಕರಗಿದ ಮೇಲಿನ ಅಂಕಿಯನ್ನಷ್ಟೇ ಲೆಕ್ಕಕ್ಕೆ ಹಿಡಿದು, ಅಂಗಳದ ಅಂಕಿಯೊಡನೆ ಹೋಲಿಸಿದೆವು. 2009ರ ರಾಷ್ಟ್ರೀಯ ಮಾನದಂಡದಂತೆ ಪಿಎಂ 2.5ರ ದಿನದ ಸರಾಸರಿ 60ನ್ನು ದಾಟಬಾರದು. ಅಂಗಳ ಅದರೊಳಗಿತ್ತು, ಒಲೆಯ ಮುಂದೆ ಇರಲಿಲ್ಲ. ಒಣ ಸೌದೆ ಹಾಕಿದ ದಿನವೂ ಇರಲಿಲ್ಲ.

ಆಕೆ ಹೇಳಿದ್ದೇ ಸರಿಯಾಗಿತ್ತು. ಗೂಡನ್ನು ಎತ್ತರಿಸಿ ಹೊಗೆಕೊಳವೆ ಕೂರಿಸುವ ಕೆಲಸ ಹಿಡಿದಿದ್ದೇವೆ.

ಮಾಡಿ ನೋಡುವ ಸದಸ್ಯರಿಗೆ ಒಂದೆರಡು ಮಾತು. ಇದರ ಲೇಸರಿನ ಆಯುಸ್ಸು ಸುಮಾರು 8000 ಗಂಟೆ. ಹಗಲೂ ರಾತ್ರಿ ಬಿಟ್ಟರೆ ವರ್ಷ ತುಂಬದು, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ ಅರ್ಧ ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟು ಓದಿಸಿ, ಮತ್ತೆ ಮಲಗಿಸುವುದು ಲೇಸು. ತಂತಿಗೆ ಚೊಗರು ಸಿಡಿಯದಂತೆ ನೋಡಿಕೊಳ್ಳಿ. ನಮ್ಮ ಮೊದಲ ತಂತಿ ಹೋದದ್ದೇ ಹಾಗೆ.